ಮನೆಯ ಗಣಕಯಂತ್ರಕ್ಕೆ ಹೊಸ ವ್ಯವಸ್ಥೆ ಯಾವಾಗ?

ಗಣಕಯಂತ್ರವು ಗೃಹಸ್ಥರ ಮನೆಗಳಲ್ಲಿ ಈಗ ಅಪೂರ್ವ ವಸ್ತುವಲ್ಲವಷ್ಟೆ. ಕೊಂಡ ಹೊಸತರಲ್ಲಿ ಚುರುಕಾಗಿದ್ದ ಯಂತ್ರವು ನಾಲ್ಕಾರು ವರ್ಷಗಳಾಗುತ್ತಲೆ ಆಮೆಯ ನಡಿಗೆಯನ್ನು ಹಿಡಿಯುತ್ತದೆ. ಆಗ ನೆರೆಹೊರೆಯವರೆಲ್ಲರೂ ಹೇಳುವ ಮದ್ದು ಒಂದೇ: “ಫಾರ್ಮ್ಯಾಟ್ ಮಾಡಿಸಿ, ಹೊಸದಾಗಿ ವಿಂಡೋಸ್ ಹಾಕಿಸಿಬಿಡಿ.” ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳುವ ಚಿಕಿತ್ಸೆಯಿದು ಎಂದು ನಮಗೆ ಅನೇಕ ಸಲ ತೋರಿದೆ.

ಮಾಂದ್ಯಕ್ಕೆ ಕಾರಣವನ್ನು ಮೊದಲು ಹುಡುಕತಕ್ಕದ್ದು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬುದನ್ನು ತೆರೆದರೆ, ಯಂತ್ರವನ್ನು ಎಬ್ಬಿಸಿದೊಡನೆಯೇ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯು ದೊರೆಯುತ್ತದೆ. ಅವುಗಳಲ್ಲಿ ಬೇಡವಾದುವನ್ನು ತಡೆದರೆ ಅರ್ಧ ರೋಗವು ವಾಸಿಯಾಗುವುದುಂಟು. ಡಿಸ್ಕು ತುಂಬಿ ತುಳುಕುತ್ತಿದ್ದರೆ ಅದನ್ನು ಬರಿದು ಮಾಡಬೇಕು. ತಿರುಗುವ ತಟ್ಟೆಗಳುಳ್ಳ ಹಳೆಯ ಹಾರ್ಡ್ ಡಿಸ್ಕಿನ ಸ್ಥಳದಲ್ಲಿ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಉಪಕಾರವು ಹತ್ತು ಸಲ ವಿಂಡೋಸ್ ಹಾಕಿಸಿದರೂ ಆಗದು. ಡಿಸ್ಕೇ ಕೆಡುತ್ತಿರುವಾಗ ಅದರ ಮೇಲೆ ಹೊಸ ವ್ಯವಸ್ಥೆಯನ್ನು ಕೂರಿಸುವುದಂತೂ ಗೆದ್ದಲು ಹಿಡಿದ ತೊಲೆಗೆ ಬಣ್ಣ ಬಳಿದಂತೆಯೇ ಸರಿ.

ಹಾಗಾದರೆ ಪುನಃಸ್ಥಾಪನೆಯು ಎಂದಿಗೂ ಬೇಡವೆ? ಬೇಕಾದ ಸಂದರ್ಭಗಳಿವೆ. ವೈರಸ್ ಹೊಕ್ಕು, ಶುದ್ಧಿ ಮಾಡಿದರೂ ಸಂಶಯವು ಉಳಿದಾಗ. ವ್ಯವಸ್ಥೆಯ ಕಡತಗಳೇ ಕೆಟ್ಟು ಯಂತ್ರವು ಪದೇ ಪದೇ ನಿಂತುಹೋಗುವಾಗ. ಅನ್ಯರು ಬಳಸಿದ ಯಂತ್ರವನ್ನು ಕೊಂಡಾಗ, ಹಿಂಜರಿಯಲಾಗದು. ವಿಂಡೋಸ್ 10 ಮತ್ತು 11ರಲ್ಲಿ ನಮ್ಮ ಕಡತಗಳನ್ನು ಉಳಿಸಿಕೊಂಡು ವ್ಯವಸ್ಥೆಯನ್ನು ಮಾತ್ರ ಹೊಸದಾಗಿಸುವ ಸೌಕರ್ಯವೂ ಇದೆ. ಆದರೆ ನಾವು ಸೇರಿಸಿದ ತಂತ್ರಾಂಶಗಳು ಅದರಲ್ಲಿ ಉಳಿಯವು. ಆ ಸೌಕರ್ಯವನ್ನು ನಂಬಿ ಪ್ರತಿಯನ್ನು ತೆಗೆದಿಡದೆ ಇರುವುದು ಸಲ್ಲದು.

ಈ ವಿಷಯದಲ್ಲಿ ನಮಗಾದ ಪಾಡನ್ನು ಇಲ್ಲಿ ಹೇಳಬೇಕು. ನಮ್ಮ ಅತ್ತೆಯವರು ಹೇಳಿ ಬರೆಯಿಸಿದ ಉಪ್ಪಿನಕಾಯಿ, ಹಪ್ಪಳ, ಹಬ್ಬದ ಅಡಿಗೆಗಳ ವಿವರವು ಗಣಕದಲ್ಲಿತ್ತು. ಫಾರ್ಮ್ಯಾಟಿಗೆ ಮುನ್ನ ಅದನ್ನು ಪೆನ್ ಡ್ರೈವಿನಲ್ಲಿ ತೆಗೆದಿಟ್ಟು ನಿಶ್ಚಿಂತರಾಗಿದ್ದೆವು. ಬಳಿಕ ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ; ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ರಾಶಿ! ಅತ್ತೆಯವರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಿಜಸ್ಥಿತಿಯೇನೆಂದರೆ, ಆ ಬರೆಹವು ಯೂನಿಕೋಡಿಗೆ ಮೊದಲಿನ ಕ್ರಮದ ನುಡಿ ಫಾಂಟಿನಲ್ಲಿತ್ತು. ಫಾಂಟು ಹೋದೊಡನೆ ಅಕ್ಷರಗಳ ರೂಪವೂ ಹೋಯಿತು. ಫಾಂಟನ್ನು ಮರಳಿ ಹಾಕಿದ ಮೇಲೆ ಎಲ್ಲವೂ ಕಾಣಿಸಿತು. ಅಂದೇ ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಕಾಗದದ ಮೇಲೆಯೂ ಮುದ್ರಿಸಿಟ್ಟೆವು. ನುಡಿ, ಬರಹ ಮೊದಲಾದುವುಗಳಲ್ಲಿ ಹಿಂದೆ ಬರೆದುದುಳ್ಳವರು ಫಾಂಟುಗಳನ್ನೂ ಕಡತದೊಡನೆ ತೆಗೆದಿಡುವುದನ್ನು ಮರೆಯಕೂಡದು.

ಇನ್ನು ಹೊಸ ಆವೃತ್ತಿಗೆ ಏರುವ ಮಾತು. ಹೊಸತೆಂಬ ಒಂದೇ ಕಾರಣಕ್ಕೆ ಏರುವುದು ಅನಗತ್ಯ. ಭದ್ರತೆಯ ತೇಪೆಗಳು ನಿಲ್ಲುವ ದಿನಾಂಕವೇ ಇಲ್ಲಿ ನಿರ್ಣಾಯಕವಾದುದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಈ ಸಾಮಾನ್ಯ ಸೇವೆಯು ಮುಗಿಯಿತು. ಯಂತ್ರವು ಆ ಮೇಲೂ ನಡೆಯುತ್ತದೆ, ನಿಜ. ಬಾಗಿಲಿಗೆ ಬಿದ್ದ ಬಿರುಕನ್ನು ಮುಚ್ಚುವವರು ಮಾತ್ರ ಇರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಹಬ್ಬಿ, ಇಂಗ್ಲೆಂಡಿನ ಆಸ್ಪತ್ರೆಗಳು ಕೂಡ ರೋಗಿಗಳನ್ನು ಹಿಂದಕ್ಕೆ ಕಳುಹಿಸುವಂತಾಯಿತು. ಅದಕ್ಕೆ ತೇಪೆಯು ಮಾರ್ಚಿಯಲ್ಲಿಯೇ ಬಂದಿದ್ದಿತು. ಹಾಕಿಕೊಳ್ಳದವರೇ ಬಹುಮಟ್ಟಿಗೆ ಸಿಕ್ಕಿಬಿದ್ದರು. ಬ್ಯಾಂಕಿನ ವ್ಯವಹಾರವನ್ನು ಗಣಕದಲ್ಲಿಯೇ ನಡೆಸುವ ಮನೆಯವರಿಗೆ ಇದು ಚಿಕ್ಕ ಮಾತಲ್ಲ.

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ, ಟಿಪಿಎಂ 2.0 ಎಂಬ ಭದ್ರತಾಂಗ, ಒಪ್ಪಿತವಾದ ಪ್ರೊಸೆಸರ್ ಇವೆಲ್ಲ ಬೇಕು. ಇಂಟೆಲಿನದಾದರೆ ಬಹುತೇಕ ಎಂಟನೆಯ ಪೀಳಿಗೆಯಿಂದೀಚಿನದಾಗಿರಬೇಕು. ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವು ನಮ್ಮ ಯಂತ್ರದ ಯೋಗ್ಯತೆಯನ್ನು ತಿಳಿಸುತ್ತದೆ. 4 ಜಿಬಿ ಸಾಕೆಂದು ನಿಯಮವು ಹೇಳಿದರೂ ಅನುಭವವು 8 ಬೇಕೆನ್ನುತ್ತದೆ. ಯೋಗ್ಯತೆಯಿಲ್ಲದ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆಯನ್ನು ಪರೀಕ್ಷಿಸಬಹುದು. ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ಅದನ್ನು ನಡೆಸಿ ನೋಡಲಾಗುತ್ತದೆ. ನಮ್ಮ ಮನೆಯ ಹಳೆಯ ಯಂತ್ರವು ಹೀಗೆಯೇ ಎರಡನೆಯ ಬಾಳನ್ನು ಪಡೆದು, ಮಾವನವರ ಪತ್ರಿಕಾವಾಚನಕ್ಕೂ ಮಕ್ಕಳ ಪಾಠಕ್ಕೂ ಒದಗುತ್ತಿದೆ. ಪ್ರಿಂಟರು ಮಾತ್ರ ಎರಡು ದಿನ ಹಟ ಮಾಡಿತು.

ಇವುಗಳಲ್ಲಿ ಯಾವುದನ್ನು ಕೈಕೊಂಡರೂ, ಮಕ್ಕಳ ಪರೀಕ್ಷೆಯ ಹಿಂದಿನ ದಿನವಾಗಲಿ ವರಮಾನ ತೆರಿಗೆಯ ಲೆಕ್ಕ ಸಲ್ಲಿಸುವ ಕಡೆಯ ವಾರವಾಗಲಿ ಬೇಡ. ಬಿಡುವಿನ ಒಂದು ಭಾನುವಾರ ಬೆಳಗ್ಗೆಯೇ ಆರಂಭಿಸಿರಿ.