ಡ್ರೋನ್ ಸಿಕ್ಕಿಕೊಂಡರೆ ಮೊದಲು ಮಗನನ್ನು ಕೆಳಗಿಳಿಸಿ

ಅಸರ್ ನಮಾಝ್ ಮುಗಿದಿದೆ. ಮಗ್ರಿಬ್‌ಗೆ ಇನ್ನೂ ಒಂದು ಗಂಟೆ ಉಳಿದಿದೆ. ನೀವು ಒಲೆಯ ಮೇಲೆ ಚಹಾ ಇಟ್ಟಿದ್ದೀರಿ. ಮೇಲೆ ತಾರಸಿಯಲ್ಲಿ ದುಂಬಿ ಗುಂಯ್‌ಗುಟ್ಟಿದಂತೆ ಸದ್ದು. ರಿಯಾದ್‌ನಿಂದ ರಜೆಗೆ ಬಂದ ಮಾಮು ತಂದುಕೊಟ್ಟ ಡ್ರೋನನ್ನು ಮಗ ಹಾರಿಸುತ್ತಿದ್ದಾನೆ. ಇದ್ದಕ್ಕಿದ್ದಂತೆ ಆ ಸದ್ದು ನಿಲ್ಲುತ್ತದೆ. ಎರಡು ನಿಮಿಷದ ಬಳಿಕ ಅವನು ಸದ್ದಿಲ್ಲದೆ ಕೆಳಗಿಳಿದು ಬಂದು ಕೋಣೆಯ ಪರದೆಗೆ ಹಾಕಿದ ಸ್ಟೀಲ್ ರಾಡ್ ಬಿಚ್ಚತೊಡಗುತ್ತಾನೆ.

"ಏನಾಯಿತೋ?"

"ಏನಿಲ್ಲ ಅಮ್ಮಿ."

ಸಹೋದರಿಯರೇ, ಈ "ಏನಿಲ್ಲ" ಎಂಬ ಮಾತನ್ನು ಕೇಳಿ ನೀವು ಮತ್ತೆ ಚಹಾದ ಕಡೆ ತಿರುಗಬೇಡಿ. ಗ್ಯಾಸ್ ಆರಿಸಿ ಅವನ ಹಿಂದೆಯೇ ಮೆಟ್ಟಿಲು ಹತ್ತಿ. ಡ್ರೋನ್ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ನಿಮ್ಮ ಕಣ್ಣಿನಿಂದಲೇ ನೋಡಿ.

ಪೀಣ್ಯ, ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿಗಳ ಸುತ್ತ ವಾಸಿಸುವ ನಮ್ಮ ಕುಟುಂಬಗಳಿಗೆ ಮಕ್ಕಳ ಆಟದ ಬಯಲು ಎಂದರೆ ಹೆಚ್ಚಾಗಿ ತಾರಸಿಯೇ. ಮೂವತ್ತು ನಲವತ್ತರ ನಿವೇಶನ, ಅದರ ಮೇಲೆ ಮೂರು ಅಂತಸ್ತು, ಪಕ್ಕದ ಮನೆಗೂ ನಮಗೂ ಒಂದು ಗೇಣು ಸಂದು. ಗದ್ದೆ ತೋಟಗಳಿದ್ದ ಕಾಲದಲ್ಲಿ ಎಳೆದ ಹೈಟೆನ್ಷನ್ ತಂತಿಗಳು ಅಲ್ಲಿಯೇ ಉಳಿದವು, ಬಡಾವಣೆಗಳು ಅವುಗಳ ಕೆಳಗೆ ಬಂದು ಸೇರಿದವು. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಂತೆ 66 ಕಿಲೋವೋಲ್ಟ್ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 2.3 ಮೀಟರ್, ಮೇಲ್ಮುಖವಾಗಿ 4 ಮೀಟರ್ ಅಂತರ ಇರಬೇಕು. ಎಷ್ಟೋ ಮನೆಗಳಲ್ಲಿ ಅಷ್ಟೂ ಇಲ್ಲ. ಇದ್ದರೂ ಲೆಕ್ಕ ಹಾಕಿ ನೋಡಿ. 2.3 ಮೀಟರ್ ಎಂದರೆ ಏಳೂವರೆ ಅಡಿ. ಹನ್ನೆರಡು ವರ್ಷದ ಹುಡುಗ ಆರು ಅಡಿಯ ಪೈಪ್ ಹಿಡಿದು ಕೈ ಚಾಚಿದರೆ ಆ ಅಂತರ ಮುಗಿದೇ ಹೋಯಿತು.

2022ರ ಡಿಸೆಂಬರ್ ಆರಂಭದಲ್ಲಿ ಪೀಣ್ಯದ ಸಮೀಪದ ನಂದಿನಿ ಲೇಔಟ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹೈಟೆನ್ಷನ್ ತಂತಿಯ ಬಳಿಯಿದ್ದ ಒಂದು ಪಾರಿವಾಳವನ್ನು ಬಿಡಿಸಲೆಂದು ಇಬ್ಬರು ಪುಟ್ಟ ಹುಡುಗರು ತಾರಸಿಯಿಂದ ಕಬ್ಬಿಣದ ರಾಡ್ ಚಾಚಿದರು. ಇಬ್ಬರೂ ತೀವ್ರವಾಗಿ ಸುಟ್ಟುಹೋಗಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಅದೇ ದಿನಗಳಲ್ಲಿ ಆರ್.ಟಿ. ನಗರದ ಕಡೆ ನಮ್ಮ ಸಮುದಾಯದ ಒಬ್ಬ ಬಾಲಕ ಸಿಕ್ಕಿಕೊಂಡ ಗಾಳಿಪಟ ತೆಗೆಯಲು ಹೋಗಿ ಅದೇ ರೀತಿ ತೀರಿಕೊಂಡ. ಒಂದು ಕಡೆ ಪಾರಿವಾಳ, ಇನ್ನೊಂದು ಕಡೆ ಗಾಳಿಪಟ. ಈಗ ಮಕ್ಕಳ ಕೈಗೆ ಡ್ರೋನ್ ಬಂದಿದೆ. ಹತ್ತು ರೂಪಾಯಿಯ ಗಾಳಿಪಟಕ್ಕೇ ಹುಡುಗ ಅಷ್ಟು ಸಾಹಸ ಮಾಡಿದನೆಂದರೆ ಮೂರು ಸಾವಿರ ರೂಪಾಯಿಯ ಯಂತ್ರಕ್ಕೆ ಇನ್ನೆಷ್ಟು ಮಾಡಿಯಾನು ಎಂದು ನೀವೇ ಯೋಚಿಸಿ.

ತಂತಿಗೆ ಮುಟ್ಟದಿದ್ದರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಮನೆಯ 230 ವೋಲ್ಟ್‌ಗೆ ಆ ಮಾತು ಹೊಂದೀತು. ಹೈಟೆನ್ಷನ್ ವಿದ್ಯುತ್ತಿಗೆ ಹೊಂದುವುದಿಲ್ಲ. ಲೋಹದ ತುದಿ ತೀರಾ ಹತ್ತಿರ ಬಂದರೆ ವಿದ್ಯುತ್ತು ಗಾಳಿಯನ್ನು ಸೀಳಿ ತಾನೇ ಹಾರಿ ಬರುತ್ತದೆ. ಒಣ ಬಿದಿರು, ರಬ್ಬರ್ ಚಪ್ಪಲಿ, ಪ್ಲಾಸ್ಟಿಕ್ ಪೈಪ್ ಇವೆಲ್ಲ ಮನೆಯ ಮಟ್ಟದ ಧೈರ್ಯಗಳು. ಸ್ವಲ್ಪ ತೇವ, ಸ್ವಲ್ಪ ಧೂಳು ಸೇರಿದರೂ ಅವು ವಿದ್ಯುತ್ತಿಗೆ ದಾರಿಯಾಗುತ್ತವೆ. ಕಲ್ಲು ಕಟ್ಟಿದ ದಾರ ಎಸೆದು ಎಳೆಯುವುದೂ ಬೇಡ. ಡ್ರೋನ್ ತಂತಿಯ ಮೇಲಿದ್ದರೆ, ಟ್ರಾನ್ಸ್‌ಫಾರ್ಮರ್ ಬಳಿ ಇದ್ದರೆ, ಅಥವಾ ತಂತಿಗೆ ತಾಗಿದ ಕೊಂಬೆಯಲ್ಲಿದ್ದರೆ ಮಾಡಬೇಕಾದ ಕೆಲಸ ಒಂದೇ. ಮಗುವನ್ನು ಕೆಳಗಿಳಿಸಿ, ತಾರಸಿಯ ಬಾಗಿಲಿಗೆ ಚಿಲಕ ಹಾಕಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಬೀದಿಯ ಲೈನಾದರೆ ಲೈನ್‌ಮನ್ ಬಂದು, ಅವರ ಮಾತಿನಲ್ಲಿ ಹೇಳುವುದಾದರೆ "ಲೈನ್ ಕ್ಲಿಯರ್" ಪಡೆದು, ಅಂದರೆ ವಿದ್ಯುತ್ತು ನಿಂತದ್ದು ಖಚಿತವಾದ ಮೇಲೆ ತೆಗೆಯಬೇಕು. ಪರಿಚಯದ ಲೈನ್‌ಮನ್ ಎಂದು ಐನೂರು ರೂಪಾಯಿ ತೋರಿಸಿ "ಹಾಗೇ ತೆಗೆದುಕೊಡಿ" ಎಂದು ಒತ್ತಾಯಿಸಬೇಡಿ. ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ದೊಡ್ಡ ಗೋಪುರದ ತಂತಿಯಾದರೆ ಅದು ಕೆಪಿಟಿಸಿಎಲ್‌ನದ್ದು. ಒಂದು ಆಟಿಕೆಗಾಗಿ ಒಂದು ಇಡೀ ಪ್ರದೇಶದ ವಿದ್ಯುತ್ ನಿಲ್ಲಿಸುತ್ತಾರೆಂದು ನಿರೀಕ್ಷಿಸಬಾರದು. ಆದರೂ ತಿಳಿಸುವುದು ಒಳ್ಳೆಯದು.

ಇನ್ನು ಆ "ಏನಿಲ್ಲ"ದ ವಿಷಯ. ಹುಡುಗ ನಿಜ ಹೇಳದೆ ರಾಡ್ ಹುಡುಕಿದ್ದು ಯಾಕೆ? ಹೋದ ತಿಂಗಳು ಟ್ಯಾಬ್‌ನ ಗಾಜು ಒಡೆದಾಗ ಮನೆಯಲ್ಲಿ ನಡೆದದ್ದು ಅವನಿಗೆ ನೆನಪಿದೆ. "ದುಡ್ಡೇನು ಮರದಲ್ಲಿ ಬೆಳೆಯುತ್ತಾ?" ಎಂದು ಅಬ್ಬ ಕೂಗಿದ್ದು ನೆನಪಿದೆ. ಅಬ್ಬ ಪಾಳಿ ಮುಗಿಸಿ ಬರುವುದರೊಳಗೆ ಡ್ರೋನ್ ಪೆಟ್ಟಿಗೆಗೆ ಮರಳಬೇಕು. ಹುಡುಗ ತಂತಿಗೆ ಹೆದರಬೇಕಾದ ಹೊತ್ತಿನಲ್ಲಿ ಅಪ್ಪನಿಗೆ ಹೆದರುತ್ತಿದ್ದಾನೆ. ಈ ತಪ್ಪು ಅವನದ್ದೆನ್ನಲು ನನಗೆ ಮನಸ್ಸಾಗುವುದಿಲ್ಲ. ಪೆಟ್ಟಿಗೆ ಬಿಚ್ಚುವ ದಿನವೇ, ಮಾಮು ಎದುರಲ್ಲೇ, ಅಬ್ಬನ ಬಾಯಿಂದಲೇ ಒಂದು ಮಾತು ಹೇಳಿಸಿ: "ಇದು ಎಲ್ಲಾದರೂ ಸಿಕ್ಕಿಕೊಂಡರೆ ಬಂದು ಹೇಳು, ಬೈಯುವುದಿಲ್ಲ. ಹೋದರೆ ಹೋಯಿತು." ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳುವುದು ಕಷ್ಟ, ನನಗೂ ಗೊತ್ತು. ಆದರೆ ಒಮ್ಮೆ ಬೈದರೆ ಮುಂದಿನ ಸಲ ಅವನು ಹೇಳುವುದೇ ಇಲ್ಲ.

ಮರದಲ್ಲಿ ಸಿಕ್ಕಿದರೆ ಹೆದರಬೇಕಾದ್ದು ಕಡಿಮೆ. ಹತ್ತಿರ ತಂತಿ ಇಲ್ಲವೆಂದು ಮೊದಲು ನೋಡಿಕೊಳ್ಳಿ. ಮಗ ರಿಮೋಟ್‌ನ ಕಡ್ಡಿ ಒತ್ತುತ್ತಲೇ ಇದ್ದರೆ ನಿಲ್ಲಿಸಿ. ರೆಕ್ಕೆಗಳು ಎಲೆಗಳಲ್ಲಿ ತೊಡರಿರುವಾಗ ಮೋಟರ್ ತಿರುಗಲಾರದೆ ಸುಟ್ಟುಹೋಗುತ್ತದೆ. ಕೆಳಗೆ ಇಬ್ಬರು ಒಂದು ಹಳೆಯ ಬೆಡ್‌ಶೀಟ್‌ನ ನಾಲ್ಕು ತುದಿ ಹಿಡಿದು ನಿಲ್ಲಲಿ. ಮಾವಿನಕಾಯಿ ಕೀಳುವ ದೋಟಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಡ್ರೋನನ್ನೇ ಎಳೆಯದೆ ಅದು ಕುಳಿತ ಕೊಂಬೆಯನ್ನು ಕೊಕ್ಕೆಯಿಂದ ಹಿಡಿದು ಅಲುಗಿಸಿ. ದೋಟಿ ನಿಲುಕದಿದ್ದರೆ ಗಟ್ಟಿ ನೂಲಿನ ತುದಿಗೆ ಮರಳು ತುಂಬಿದ ಪುಟ್ಟ ಚೀಲ ಕಟ್ಟಿ ಕೊಂಬೆಯ ಆಚೆ ಎಸೆದು ಎರಡೂ ತುದಿ ಹಿಡಿದು ಅಲುಗಿಸಬಹುದು. ಕಲ್ಲು ಎಸೆಯುವುದರಿಂದ ಡ್ರೋನೂ ಒಡೆಯುತ್ತದೆ, ಪಕ್ಕದ ಮನೆಯ ಕಾರಿನ ಗಾಜೂ ಒಡೆಯುತ್ತದೆ. ತೆಂಗಿನ ಮರವಾದರೆ ಕಾಯಿ ಕೀಳುವವರು ಬರುವ ದಿನದವರೆಗೆ ಕಾಯಿರಿ. ಆತುರವೇನೂ ಇಲ್ಲ, ಮಳೆಯೊಂದು ಬರದಿದ್ದರೆ ಸಾಕು.

ಪೀಣ್ಯದವರಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಅಲ್ಲಿ ಅನೇಕ ವರ್ಕ್‌ಶಾಪ್‌ಗಳಿಗೆ ಸಿಮೆಂಟ್ ಶೀಟಿನ ಛಾವಣಿ. ಡ್ರೋನ್ ಅದರ ಮೇಲೆ ಬಿದ್ದರೆ ಕಣ್ಣಿಗೆ ಕಾಣುತ್ತದೆ, ನಾಲ್ಕು ಹೆಜ್ಜೆ ನಡೆದರೆ ಕೈಗೆ ಸಿಗುವಂತಿರುತ್ತದೆ. ಆ ನಾಲ್ಕು ಹೆಜ್ಜೆಗಳೇ ಅಪಾಯ. ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಕೆಳಗೆ ಇಪ್ಪತ್ತು ಅಡಿ ಆಳದಲ್ಲಿ ಲೇತ್ ಯಂತ್ರಗಳಿರುತ್ತವೆ. ಭಾನುವಾರ ಶೆಡ್ ಮುಚ್ಚಿದ್ದರೆ ಬಿದ್ದವನ ಕೂಗೂ ಯಾರಿಗೂ ಕೇಳಿಸದು. ಸೋಮವಾರ ಮಾಲೀಕರನ್ನು ಕೇಳಿ. ಅಡ್ಡ ಹಲಗೆ ಹಾಕಿ ತೆಗೆಯಬಲ್ಲವರು ಅವರಲ್ಲೇ ಇರುತ್ತಾರೆ.

ಮೆಟ್ರೋ ಮಾರ್ಗದ ಮೇಲೆ ಬಿದ್ದರೆ? ಈಗ ನಮ್ಮ ಮೆಟ್ರೋ ಈ ಮೂರು ಕಡೆಗೂ ಬಂದಿದೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಇಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ. ತಾರಸಿಯ ಮಟ್ಟದಲ್ಲೇ ರೈಲು ಹೋಗುವ ಮನೆಗಳು ಎಷ್ಟೋ. ಮೆಟ್ರೋ ಹಳಿಯ ಮೇಲ್ಗಡೆ ತಂತಿ ಕಾಣದ ಕಾರಣ ಮಕ್ಕಳು ಅಲ್ಲಿ ವಿದ್ಯುತ್ತೇ ಇಲ್ಲವೆಂದುಕೊಳ್ಳುತ್ತಾರೆ. ಹಳಿಯ ಪಕ್ಕದಲ್ಲೇ ಇರುವ ಮೂರನೆಯ ಹಳಿಯಲ್ಲಿ 750 ವೋಲ್ಟ್ ಹರಿಯುತ್ತಿರುತ್ತದೆ. 2024ರ ಜನವರಿ 1ರ ಸಂಜೆ ಇಂದಿರಾನಗರ ನಿಲ್ದಾಣದಲ್ಲಿ ಒಬ್ಬ ಮಹಿಳೆ ಕೆಳಗೆ ಬಿದ್ದ ಮೊಬೈಲ್ ಎತ್ತಿಕೊಳ್ಳಲು ಹಳಿಗೆ ಇಳಿದುಬಿಟ್ಟರು. ಸಿಬ್ಬಂದಿ ತಕ್ಷಣ ವಿದ್ಯುತ್ ಕಡಿತ ಮಾಡಿದ್ದರಿಂದ ಅವರು ಉಳಿದರು, ಅಲ್ಹಮ್ದುಲಿಲ್ಲಾಹ್. ರೈಲುಗಳು ಸುಮಾರು ಕಾಲು ಗಂಟೆ ನಿಂತವು. ದೊಡ್ಡವರೇ ಹೀಗೆ ಮಾಡಿದ ಮೇಲೆ ಮಕ್ಕಳ ಮಾತೇನು? ಸಮೀಪದ ನಿಲ್ದಾಣಕ್ಕೆ ಹೋಗಿ ತಿಳಿಸಿ, ಅಷ್ಟೇ. ಕೆರೆಗೆ ಬಿದ್ದರೂ ಇದೇ ಮಾತು. ವರ್ತೂರು ಕೆರೆಯಂಥ ಕಡೆ ನೀರಿಗಿಂತ ಹೂಳೇ ಅಪಾಯ, ಈಜು ಬಂದವನ ಕಾಲನ್ನೂ ಅದು ಬಿಡುವುದಿಲ್ಲ.

ಪಕ್ಕದ ಮನೆಯ ತಾರಸಿಗೆ ಬಿದ್ದಾಗ ಪ್ರಾಣಾಪಾಯ ಇಲ್ಲದಿದ್ದರೂ ಇನ್ನೊಂದು ವಿಷಯವಿದೆ. ಸಂದು ಹಾರಿ ಎತ್ತಿಕೊಂಡು ಬರುವುದು ಹುಡುಗರಿಗೆ ಸುಲಭ. ಆದರೆ ಅದು ಇನ್ನೊಬ್ಬರ ಮನೆ. ಅನುಮತಿ ಕೇಳಿ ಸಲಾಮ್ ಹೇಳದೆ ಬೇರೆಯವರ ಮನೆಯೊಳಗೆ ಹೋಗಬಾರದು, ಮರಳಿ ಹೋಗಿರೆಂದರೆ ಮರಳಬೇಕು ಎಂದು ಪವಿತ್ರ ಕುರ್‌ಆನ್‌ನ ಸೂರಃ ಅನ್ನೂರ್ ನಮಗೆ ಕಲಿಸಿದೆ. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಹಿಂತಿರುಗಬೇಕೆಂದು ಪ್ರವಾದಿ(ಸ)ರವರು ತಿಳಿಸಿದ್ದಾರೆ. ಅನುಮತಿಯ ಈ ಕ್ರಮ ಇರುವುದೇ ನೋಟದ ಕಾರಣಕ್ಕೆ ಎಂಬರ್ಥದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಕ್ಯಾಮೆರಾ ಇರುವ ಡ್ರೋನ್ ಹಾರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ತಾರಸಿಯಲ್ಲಿ ತಲೆ ಒಣಗಿಸುತ್ತ ಕುಳಿತ ಪಕ್ಕದ ಮನೆಯ ಅಮ್ಮನಿಗೆ, ಅವರು ಯಾವ ಧರ್ಮದವರೇ ಆಗಲಿ, ತಲೆಯ ಮೇಲೆ ಬಂದು ನಿಂತ ಕ್ಯಾಮೆರಾ ಹೇಗೆನಿಸೀತು? ಮಗನೊಂದಿಗೆ ನೀವೇ ಹೋಗಿ ಬಾಗಿಲು ತಟ್ಟಿ. "ಅಕ್ಕ, ನಮ್ಮ ಹುಡುಗನ ಡ್ರೋನ್ ನಿಮ್ಮ ತಾರಸಿಗೆ ಬಿದ್ದಿದೆ, ತಪ್ಪಾಯಿತು" ಎಂದು ಅವನೇ ಹೇಳಲಿ. ಅವರು ವಿಡಿಯೋ ನೋಡಬೇಕೆಂದರೆ ತೋರಿಸಿ, ಅವರ ಮನೆ ಕಂಡರೆ ಅವರ ಎದುರಲ್ಲೇ ಅಳಿಸಿ.

ಇನ್ನೊಬ್ಬರ ಡ್ರೋನ್ ನಿಮ್ಮ ತಾರಸಿಗೆ ಬಂದರೂ ಅದು ಸಿಕ್ಕವರ ಸ್ವತ್ತಲ್ಲ. ದಾರಿಯಲ್ಲಿ ಸಿಕ್ಕ ವಸ್ತುವಿನ ಗುರುತನ್ನು ನೆನಪಿಟ್ಟುಕೊಂಡು ಒಂದು ವರ್ಷ ಸಾರಬೇಕೆಂದು ಪ್ರವಾದಿ(ಸ)ರವರು ಆದೇಶಿಸಿದ್ದಾರೆ. ಅಪಾರ್ಟ್‌ಮೆಂಟಿನ ವಾಟ್ಸಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಹೆಚ್ಚಾಗಿ ಒಂದೇ ಗಂಟೆಯಲ್ಲಿ ಒಡೆಯ ಸಿಗುತ್ತಾನೆ. ಬಣ್ಣ, ಕಂಪನಿ ಬರೆಯಬೇಡಿ, ಬಂದವರು ಗುರುತು ಹೇಳಲಿ. ದೊಡ್ಡ ಗಾತ್ರದ ಅಪರಿಚಿತ ಯಂತ್ರವಾದರೆ ಮುಟ್ಟದೆ 112ಕ್ಕೆ ತಿಳಿಸಿ. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆಯ ಹೊಲಕ್ಕೆ ಡಿಆರ್‌ಡಿಓದ ತಪಸ್ ಎಂಬ ದೊಡ್ಡ ಡ್ರೋನ್ ಬಿದ್ದಾಗ ಊರಿಗೆ ಊರೇ ನೋಡಲು ಸೇರಿತ್ತು. ಅಂಥದ್ದಕ್ಕೆ ಹತ್ತಿರ ಹೋಗಬಾರದು.

ಸಿಕ್ಕ ಡ್ರೋನನ್ನು ಹಾಗೇ ಚಾರ್ಜಿಗೆ ಇಡಬೇಡಿ. ಅದರ ಲಿಥಿಯಂ ಬ್ಯಾಟರಿ ಪೆಟ್ಟು ತಿಂದು ಉಬ್ಬಿದ್ದರೆ ಅಥವಾ ಒದ್ದೆಯಾಗಿದ್ದರೆ ರಾತ್ರಿ ಎಲ್ಲರೂ ಮಲಗಿದಾಗ ಬೆಂಕಿ ಹತ್ತಬಹುದು. ಬಿಚ್ಚಲು ಬಂದರೆ ಬಿಚ್ಚಿ ಮನೆಯ ಹೊರಗೆ ಮರಳಿರುವ ಬಕೆಟ್‌ನಲ್ಲಿಡಿ. ಆಮೇಲೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಸಿಗಲೇ ಇಲ್ಲವೆಂದು ಮಗ ಅತ್ತರೆ ಅವನಿಗೆ ಮಂಗಳ ಗ್ರಹದ ಕಥೆ ಹೇಳಿ. ನಾಸಾದ ಇಂಜೆನ್ಯೂಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ 2021ರ ಏಪ್ರಿಲ್ 19ರಂದು ಅಲ್ಲಿ ಮೊದಲ ಬಾರಿ ಹಾರಿತು. ತೂಕ ಎರಡು ಕಿಲೋಗಿಂತಲೂ ಕಡಿಮೆ. ಅದರ ಮುಖ್ಯ ಇಂಜಿನಿಯರ್ ಬಾಬ್ ಬಲರಾಮ್ ನಮ್ಮ ದೇಶದಲ್ಲಿ ಓದಿದವರು, ಐಐಟಿ ಮದ್ರಾಸ್‌ನ ವಿದ್ಯಾರ್ಥಿ. ಐದು ಸಲ ಹಾರಿದರೆ ಸಾಕೆಂದು ಕಳಿಸಿದ್ದು 72 ಸಲ ಹಾರಿತು. 2024ರ ಜನವರಿಯಲ್ಲಿ ಅದರ ರೆಕ್ಕೆ ಮುರಿಯಿತು, ಅದು ಅಲ್ಲಿಯೇ ಉಳಿಯಿತು. ಅಲ್ಲಿಗೆ ಯಾವ ದೋಟಿಯೂ ನಿಲುಕುವುದಿಲ್ಲ. ಕಾರಣವೂ ಸ್ವಾರಸ್ಯವಾದದ್ದು. ಕೆಳಗಿನ ನೆಲವನ್ನು ಕ್ಯಾಮೆರಾದಿಂದ ನೋಡುತ್ತಾ ತಾನೆಲ್ಲಿದ್ದೇನೆಂದು ಅದು ತಿಳಿಯುತ್ತಿತ್ತು. ಗುರುತೇ ಇಲ್ಲದ ನುಣುಪು ಮರಳಿನ ಮೇಲೆ ಬಂದಾಗ ಅದಕ್ಕೆ ಲೆಕ್ಕ ತಪ್ಪಿತು. ನಮ್ಮ ಎಷ್ಟೋ ಸಣ್ಣ ಡ್ರೋನ್‌ಗಳೂ ಹಾಗೆಯೇ ಕೆಳಗೆ ನೋಡಿ ನಿಲ್ಲುತ್ತವೆ. ಕೆರೆಯ ನೀರಿನ ಮೇಲೆ ಒಯ್ದರೆ ತೇಲಿಕೊಂಡು ಹೋಗುವುದು ಅದಕ್ಕೇ.

ಮುಂದೆ ಹಾರಿಸುವುದಾದರೆ ತಾರಸಿ ಬಿಟ್ಟು ಬಯಲಿಗೆ ಕರೆದೊಯ್ಯಿರಿ. ತಾರಸಿಯ ಕಬ್ಬಿಣದ ಸರಳು ಡ್ರೋನಿನ ದಿಕ್ಸೂಚಿಯನ್ನು ಕೆಡಿಸುತ್ತದೆ. ಜಿಪಿಎಸ್ ಇರುವುದು ಗುಂಡಿ ಒತ್ತಿದರೆ ತಾನೇ ಮರಳುತ್ತದೆ. ಆದರೆ ಮರಳುವ ಎತ್ತರವನ್ನು ಸುತ್ತಲಿನ ಕಟ್ಟಡಗಳಿಗಿಂತ ಹೆಚ್ಚಿಗೆ ಇಟ್ಟಿರಬೇಕು, ಇಲ್ಲವಾದರೆ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಗೆ ಡಿಕ್ಕಿ ಹೊಡೆಯುತ್ತದೆ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಒಳಗಿನದಕ್ಕೆ ಪೈಲಟ್ ಪರವಾನಗಿ ಬೇಡವಾದರೂ ವಿಮಾನ ನಿಲ್ದಾಣಗಳ ಸುತ್ತ ನಿರ್ಬಂಧವಿದೆ. 8ರಿಂದ 12 ಕಿಲೋಮೀಟರ್ ನಡುವಿನ ಪ್ರದೇಶದಲ್ಲಿ ಅನುಮತಿಯಿಲ್ಲದೆ 200 ಅಡಿಗಿಂತ ಮೇಲೆ ಹೋಗುವಂತಿಲ್ಲ, ಅದಕ್ಕೂ ಹತ್ತಿರದಲ್ಲಿ ಇನ್ನೂ ಬಿಗಿ. ಎಚ್‌ಎಎಲ್, ಯಲಹಂಕ, ಜಕ್ಕೂರು ಎಲ್ಲ ನಮ್ಮ ಸುತ್ತಲೇ ಇರುವುದರಿಂದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಬಡಾವಣೆ ಯಾವ ಬಣ್ಣದಲ್ಲಿದೆ ಎಂದು ಮಗನಿಂದಲೇ ನೋಡಿಸಿ.

ಡ್ರೋನಿನ ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿಸಿ, ಅಬ್ಬನ ಮೊಬೈಲ್ ನಂಬರ್ ಬರೆದು, ಮೇಲೆ ಪಾರದರ್ಶಕ ಟೇಪ್ ಹಚ್ಚಿ. ಮನೆಯ ಹೆಣ್ಣುಮಕ್ಕಳ ನಂಬರ್ ಬೇಡ, ಅದು ಯಾರ ಕೈಗೆ ಬೀಳುತ್ತದೋ ಯಾರಿಗೆ ಗೊತ್ತು.