ಮನೆಗೆ ನಾಯಿ ತರುವಾಗ: ಓಣಿಯ ಮರಿಯೋ, ಹಣ ಕೊಟ್ಟು ತರುವ ತಳಿಯೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಶ್ರಾವಕ ಕುಟುಂಬಗಳಲ್ಲಿ ಹೊಲದ ಮನೆಗೆ ಕಾವಲು ಬೇಕೆಂದೋ, ಮಕ್ಕಳು ಹಟ ಹಿಡಿದರೆಂದೋ ನಾಯಿ ತರುವ ಮಾತು ಬರುತ್ತದೆ. ದಿಕ್ಕಿಲ್ಲದ ಮರಿಗೆ ಆಶ್ರಯ ಕೊಡಬೇಕೋ, ಹಣ ಕೊಟ್ಟು ತಳಿಯ ನಾಯಿ ತರಬೇಕೋ ಎಂಬ ಪ್ರಶ್ನೆ ಆಗ ಏಳುತ್ತದೆ.

ಜೀವಂಧರ ಕುಮಾರನ ಕಥೆ ಜೈನರಿಗೆ ಹೊಸದಲ್ಲ. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಇದನ್ನು ಕಾವ್ಯವಾಗಿಸಿದನು. ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ಆ ಜೀವ ಯಕ್ಷನಾಗಿ ಹುಟ್ಟಿ ಅವನ ನೆರವಿಗೆ ಬರುತ್ತದೆ. ಅವನು ಆ ನಾಯಿಯ ತಳಿ ಯಾವುದೆಂದು ಕೇಳಲಿಲ್ಲ.

ಓಣಿಯ ಮರಿ ಇಲ್ಲಿನ ಬಿಸಿಲಿಗೆ ಒಗ್ಗಿದ್ದು. ಅದನ್ನು ತಂದರೆ ಅಭಯದಾನದ ಪುಣ್ಯವೂ ಉಂಟು. ಆದರೆ ತಾಯಿಯ ಹಾಲು ಬಿಡದ ಮರಿಯನ್ನು ಎತ್ತಿ ತರಬಾರದು. ತಂದ ಕೂಡಲೇ ಪಶು ಆಸ್ಪತ್ರೆಗೆ ಒಯ್ದು ಜಂತಿನ ಔಷಧ, ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆಯ ಬಗ್ಗೆ ಕೇಳಬೇಕು. 3 ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ವೈದ್ಯರು ಹೇಳಿದಂತೆ ತಪ್ಪದೆ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಳಿಯೇ ಬೇಕೆನ್ನುವವರಿಗೆ ಈ ಭಾಗದಲ್ಲಿ ಮೊದಲು ನೆನಪಾಗುವುದು ಮುಧೋಳ ನಾಯಿ. ರಾಮದುರ್ಗದಿಂದ ಲೋಕಾಪುರ ದಾಟಿದರೆ ಮುಧೋಳ. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚೀಟಿ ಹೊರಡಿಸಿತು. ಆದರೆ ಇದು ಬೇಟೆಗೆಂದೇ ಬೆಳೆಸಿದ ತಳಿ. ದಿನವೂ ಓಡಲು ಬಯಲು ಬೇಕು; ಮೊಲ, ಬೆಕ್ಕು ಕಂಡರೆ ಬೆನ್ನಟ್ಟುವುದು ಅದರ ಸ್ವಭಾವ. ಪೇಟೆಯ ಇಕ್ಕಟ್ಟಿನ ಮನೆಗೆ ಅದು ಹೊಂದುವುದಿಲ್ಲ.

ಕೊಳ್ಳುವುದಾದರೆ 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳು ನೆನಪಿರಲಿ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿಯ ತಾಯಿಯನ್ನು ಕಣ್ಣಾರೆ ನೋಡಬೇಕು. ತಾಯಿಯನ್ನು ತೋರಿಸಲು ಒಪ್ಪದವರಿಂದ ಕೊಳ್ಳಬಾರದು. ಗೂಡಿನಲ್ಲಿ ಕೂಡಿಹಾಕಿ ಮೇಲಿಂದ ಮೇಲೆ ಮರಿ ಹಾಕಿಸುವವರಿಗೆ ಹಣ ಕೊಟ್ಟರೆ ಆ ಹಿಂಸೆಗೆ ಕೊಳ್ಳುವವರದೂ ಅನುಮೋದನೆ ಇದ್ದಂತೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾಯಿ ಸಾಕುವವರಿಗೆ ಇವು ನೇರವಾಗಿ ಅನ್ವಯಿಸುತ್ತವೆ. ಹಗಲಿಡೀ ಸರಪಳಿಯಲ್ಲಿ ಕಟ್ಟುವುದು ಬಂಧ. ಕೋಲಿನಿಂದ ಹೊಡೆಯುವುದು ವಧ. ಚಂದಕ್ಕಾಗಿ ಕಿವಿ, ಬಾಲ ಕತ್ತರಿಸುವುದು ಛೇದ. ಶಕ್ತಿ ಮೀರಿ ದುಡಿಸುವುದು ಅತಿಭಾರಾರೋಪಣ. ಊರಿಗೆ ಹೋಗುವಾಗ ನೀರು, ಕೂಳು ಇಡದೆ ಬಿಡುವುದು ಅನ್ನಪಾನನಿರೋಧ.

ಶಾಕಾಹಾರದ ಮನೆಯಲ್ಲಿ ನಾಯಿ ಸಾಕಬಹುದೇ ಎಂದು ಹಲವರು ಕೇಳುತ್ತಾರೆ. ನಾಯಿಗೆ ಧಾನ್ಯ ಜೀರ್ಣವಾಗುತ್ತದೆ. ಆದರೆ ಬರೀ ರೊಟ್ಟಿ ಹಾಲು ಬೆಳೆಯುವ ಮರಿಗೆ ಸಾಲದು. ಬೇಳೆ, ಮೊಸರು, ಇತರ ಪೋಷಕಾಂಶಗಳ ಪ್ರಮಾಣವನ್ನು ಪಶುವೈದ್ಯರಿಂದ ತಿಳಿದುಕೊಳ್ಳಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ. ಅವುಗಳನ್ನು ಬಳಸದ ಮನೆಗೆ ಆ ಚಿಂತೆ ಇಲ್ಲ.

ನಾಯಿ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಹಟ ಹಿಡಿದ ಮಗ ನಾಳೆ ಓದಲು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಗ ಅದನ್ನು ನೋಡುವವರು ಯಾರು ಎಂಬುದನ್ನು ತರುವ ಮೊದಲೇ ಮನೆಮಂದಿ ಕುಳಿತು ನಿಶ್ಚಯಿಸಬೇಕು. ಸಾಕಿದ ನಾಯಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕೊನೆಯವರೆಗೆ ನೋಡಿಕೊಳ್ಳುವ ಶಕ್ತಿಯಿದ್ದರೆ ಮೊದಲು ಓಣಿಯ ಮರಿಯತ್ತ ನೋಡುವುದು ಲೇಸು. ಶಕ್ತಿ ಇಲ್ಲದವರು ಮನೆಯ ಮುಂದೆ ದಿನವೂ ಒಂದು ಬೋಗುಣಿ ನೀರಿಟ್ಟರೂ ಅದು ಜೀವದಯೆಯೇ.