ಎರೆಹೊಲದ ಹತ್ತಿ, ಕಡಲ ನಡುವಿನ ದೀಪ

ಡಿಸೆಂಬರ್ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಲೆಗಳಲ್ಲಿ ಪ್ರವಾಸದ ಗದ್ದಲ ಶುರುವಾಗುತ್ತದೆ. ಮಕ್ಕಳ ಪಟ್ಟಿ, ಪಾಲಕರ ಒಪ್ಪಿಗೆ ಪತ್ರ, ಬಸ್ಸಿಗೆ ಮುಂಗಡ, ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಬಸ್ಸು ಪಶ್ಚಿಮಕ್ಕೆ ಹೊರಟಿತೆಂದರೆ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತದೆ. ಮುಂದೆ ಗೋಕರ್ಣ, ಅಂಕೋಲಾ, ಕಾರವಾರ. ಹಾವೇರಿಯಿಂದ ಕಾರವಾರಕ್ಕೆ ಈ ದಾರಿಯಲ್ಲಿ ಸುಮಾರು 200 ಕಿಲೋಮೀಟರ್.

ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮಕ್ಕಳು ಅಲೆಗಳ ಜೊತೆ ಆಡುತ್ತಿರುತ್ತಾರೆ. ಹೊತ್ತು ಮುಳುಗಿ ಕತ್ತಲಾಗುತ್ತಿದ್ದಂತೆ ದೂರದ ದ್ವೀಪವೊಂದರ ನೆತ್ತಿಯ ಮೇಲೆ ಬೆಳಕೊಂದು ಕಾಣಿಸಿಕೊಳ್ಳುತ್ತದೆ. ‘ಸರ್, ಅದೇನ್ರೀ?’ ಎಂದು ಯಾರೋ ಕೇಳುತ್ತಾರೆ. ‘ಲೈಟ್‌ಹೌಸ್’ ಎಂಬ ಒಂದೇ ಮಾತಿನ ಉತ್ತರ ಸಿಗುತ್ತದೆ. ಅಷ್ಟರಲ್ಲಿ ಸೀಟಿ ಊದುತ್ತಾರೆ, ಬಸ್ಸು ಹೊರಡುತ್ತದೆ.

ಆ ದೀಪ ಕಾರವಾರದ ಎದುರಿನ ದೇವಗಡ ದ್ವೀಪದ್ದು. ನೌಕಾನಕ್ಷೆಗಳಲ್ಲಿ ಅದರ ಹೆಸರು ‘ಆಯ್ಸ್ಟರ್ ರಾಕ್’ ದೀಪಸ್ತಂಭ. ಅದು ಮೊದಲು ಉರಿದದ್ದು 1864ರಲ್ಲಿ. ಕಡಲನ್ನೇ ಕಾಣದ ನಮ್ಮ ಎರೆಹೊಲಗಳಿಗೂ ಕಡಲ ನಡುವಿನ ಆ ದೀಪಕ್ಕೂ ಒಂದು ಹಳೆಯ ನಂಟಿದೆ. ಆ ನಂಟಿನ ಹೆಸರು ಹತ್ತಿ.

ಬೆಳೆದದ್ದು ಇಲ್ಲಿ, ಹೆಸರು ಕುಮಟಾದ್ದು

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಈ ಊರುಗಳೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಮುಂಬಯಿಯ ಪೇಟೆಯಲ್ಲೂ ಇಂಗ್ಲೆಂಡಿನ ಪೇಟೆಯಲ್ಲೂ ‘ಕುಂಪ್ಟಾ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಕುಂಪ್ಟಾ ಎಂದರೆ ಕುಮಟಾ. ಭತ್ತ, ತೆಂಗು ಬೆಳೆಯುವ, ಧೋ ಎಂದು ಮಳೆ ಸುರಿಯುವ ಕುಮಟಾದಲ್ಲಿ ಹತ್ತಿ ಎಲ್ಲಿಂದ ಬರಬೇಕು? ಹತ್ತಿ ನಮ್ಮದು, ಹಡಗು ಏರಿದ ಬಂದರು ಅವರದು. ಹೆಸರು ಮಾತ್ರ ಬಂದರಿನದೇ ಉಳಿಯಿತು. ಇಂದು ಬ್ಯಾಡಗಿ ಮೆಣಸಿನಕಾಯಿಯ ಕಥೆಯೂ ಹೀಗೆಯೇ ಅಲ್ಲವೇ? ಗದಗ, ಬಳ್ಳಾರಿ, ರಾಯಚೂರು ಕಡೆ ಬೆಳೆದ ಕಾಯಿಯೂ ಬ್ಯಾಡಗಿ ಪೇಟೆಗೆ ಬಂದು ‘ಬ್ಯಾಡಗಿ’ ಎನಿಸಿಕೊಳ್ಳುತ್ತದೆ.

ಅಂದು ರೈಲಿರಲಿಲ್ಲ, ಲಾರಿಯಿರಲಿಲ್ಲ. ಹತ್ತಿಯ ಅಂಡಿಗೆಗಳು ಚಕ್ಕಡಿಗಳಲ್ಲಿ, ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿಯುತ್ತಿದ್ದವು. ಹೋಗುವಾಗ ಹತ್ತಿ, ಬರುವಾಗ ಉಪ್ಪು ಮತ್ತು ತೆಂಗಿನಕಾಯಿ. ಇಂದು ಪ್ರವಾಸದ ಬಸ್ಸು ಹಾಡು ಹಾಕಿಕೊಂಡು ಕೆಲವೇ ಗಂಟೆಗಳಲ್ಲಿ ಇಳಿಯುವ ಘಟ್ಟವನ್ನು ಎತ್ತುಗಳು ದಿನಗಟ್ಟಲೆ ಇಳಿಯುತ್ತಿದ್ದವು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಹತ್ತಿ ಬೆಳೆಯುವ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಗಿರಣಿಗಳು ಹತ್ತಿಯಿಲ್ಲದೆ ನಿಂತವು, ಸಾವಿರಾರು ಕಾರ್ಮಿಕರು ಉಪವಾಸ ಬಿದ್ದರು. ಗಿರಣಿ ಮಾಲೀಕರ ಕಣ್ಣು ಭಾರತದತ್ತ ಹೊರಳಿತು. 1865ರಲ್ಲಿ ಯುದ್ಧ ಮುಗಿಯುವವರೆಗೆ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ. ಎಲ್ಲಿಯೋ ನಡೆದ ಯುದ್ಧ ನಮ್ಮ ಹೊಲದ ಬದುವಿಗೂ ಬಂದು ಮುಟ್ಟಿತ್ತು.

ಬಂಡೆಗಳ ನಡುವಿನ ಬಂದರು

ಕುಮಟಾದ ಬಂದರು ತೆರೆದ ಕಡಲಿಗೆ ಮುಖ ಮಾಡಿದ್ದು. ದೊಡ್ಡ ಹಡಗುಗಳು ದಡಕ್ಕೆ ಬರುವಂತಿಲ್ಲ. ಕಾರವಾರ ಹಾಗಲ್ಲ. ಅಲ್ಲಿ ಗುಡ್ಡಗಳ ಮರೆಯಿದೆ, ಆಳವಾದ ನೀರಿದೆ. ಆದ್ದರಿಂದ ಹತ್ತಿಯ ಬಂದರು ಕಾರವಾರದಲ್ಲೇ ಆಗಬೇಕೆಂದು ವ್ಯಾಪಾರಿಗಳು ಪಟ್ಟು ಹಿಡಿದರು. ಅಲ್ಲಿಯವರೆಗೆ ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ವಿಚಾರವೂ ಇತ್ತು. ಒಂದು ಜಿಲ್ಲೆಯನ್ನೇ ಪ್ರಾಂತದಿಂದ ಪ್ರಾಂತಕ್ಕೆ ಸರಿಸುವಷ್ಟು ತೂಕ ಹಗುರವಾದ ಹತ್ತಿಗಿತ್ತೆಂಬುದು ಸೋಜಿಗವೇ ಸರಿ.

1860ರಲ್ಲಿ ಸ್ಥಾಪನೆಯಾದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ತನ್ನ ಜನರನ್ನೂ ಹತ್ತಿ ಒತ್ತುವ ಯಂತ್ರಗಳನ್ನೂ ಕಾಳಿ ನದಿಯ ಆಚೆ ದಡದ ಸದಾಶಿವಗಡಕ್ಕೆ ಕಳುಹಿಸಿತು. ಬಂದು ನೋಡಿದರೆ ಯಂತ್ರ ಸಾಗಿಸಲು ರಸ್ತೆಯೂ ಇಲ್ಲ, ಇಳಿಸಲು ಕಟ್ಟೆಯೂ ಇಲ್ಲ! ಕೆಲವೇ ವರ್ಷಗಳಲ್ಲಿ ಆ ಕಂಪನಿ ಬಾಗಿಲು ಹಾಕಿತು.

ಬಂದರಿನ ಆ ಉತ್ಸಾಹದ ದಿನಗಳಲ್ಲಿಯೇ ದೇವಗಡದ ದೀಪ ಹೊತ್ತಿಕೊಂಡದ್ದು. ಕಾರವಾರ ಕೊಲ್ಲಿಯ ಬಾಯಲ್ಲಿ ದ್ವೀಪಗಳೂ ಬಂಡೆಗಳೂ ಚೆದುರಿ ನಿಂತಿವೆ. ಹಗಲಿನಲ್ಲಿ ಅವು ಬಂದರಿಗೆ ಕಾವಲು, ಕತ್ತಲಲ್ಲಿ ಅವೇ ಹಡಗಿಗೆ ಯಮ. ಆ ಬಂಡೆಗಳಲ್ಲೇ ದೊಡ್ಡದಾದ ದೇವಗಡದ ನೆತ್ತಿಯ ಮೇಲೆ ಕಲ್ಲಿನ ಗೋಪುರ ಎದ್ದಿತು. ಯುವಕ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ 1880ರ ದಶಕದಲ್ಲಿ ಬಂದಾಗ ಆ ದೀಪ ಉರಿಯತೊಡಗಿ ಇಪ್ಪತ್ತು ವರ್ಷಗಳಾಗುತ್ತ ಬಂದಿದ್ದವು.

ಗಾಜನ್ನು ಕೊರೆದು ತೆಗೆದ ಜಾಣ

ಸಣ್ಣದೊಂದು ದೀಪ ಹತ್ತಾರು ಮೈಲಿ ದೂರಕ್ಕೆ ಕಾಣುವುದಾದರೂ ಹೇಗೆ? ಮನೆಯ ಕಂದೀಲನ್ನೇ ನೋಡಿ. ಅದರ ಬೆಳಕು ಮೇಲೆ, ಕೆಳಗೆ, ಸುತ್ತ ಎಲ್ಲ ಕಡೆ ಹಂಚಿಹೋಗುತ್ತದೆ. ಆಕಾಶಕ್ಕೂ ನೆಲಕ್ಕೂ ಹೋದ ಬೆಳಕಿನಿಂದ ಹಡಗಿನವನಿಗೆ ಏನೂ ಪ್ರಯೋಜನವಿಲ್ಲ. ಪೀನ ಮಸೂರದ ಸಂಗಮ ಬಿಂದುವಿನಲ್ಲಿ ದೀಪವನ್ನಿಟ್ಟರೆ ಹರಡುವ ಕಿರಣಗಳು ಸಮಾಂತರವಾಗಿ ಹೊರಬೀಳುತ್ತವೆ ಎಂಬುದು ಪ್ರೌಢಶಾಲೆಯ ಪಾಠ. ಆದರೆ ಆಳೆತ್ತರದ ಮಸೂರ ಮಾಡಿದರೆ ನಡುಭಾಗ ವಿಪರೀತ ದಪ್ಪವಾಗುತ್ತದೆ. ಭಾರ ಹೆಚ್ಚು, ದಪ್ಪ ಗಾಜು ಬೆಳಕನ್ನೂ ನುಂಗುತ್ತದೆ.

ಇದಕ್ಕೆ ಪರಿಹಾರ ಕೊಟ್ಟವನು ಫ್ರಾನ್ಸಿನ ರಸ್ತೆ ಎಂಜಿನಿಯರ್ ಆಗಸ್ಟಿನ್ ಫ್ರೆನೆಲ್. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ, ಒಳಗಿನ ಗಾಜು ಬರೀ ಹೊರೆ. ಹಾಗಾದರೆ ಒಳಗಿನದನ್ನು ತೆಗೆದು, ವಕ್ರ ಮೇಲ್ಮೈಯನ್ನಷ್ಟೇ ಬಳೆ ಬಳೆಯಾಗಿ ಜೋಡಿಸಿದರೆ? 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಅವನ ಮಸೂರ ಬೆಳಗಿತು. ನಾಲ್ಕು ವರ್ಷಗಳ ನಂತರ, 39ನೇ ವಯಸ್ಸಿನಲ್ಲಿ, ಫ್ರೆನೆಲ್ ತೀರಿಕೊಂಡ. ಅವನ ಉಪಾಯ ಮಾತ್ರ ಲೋಕದ ಕಡಲತೀರಗಳಿಗೆಲ್ಲ ಹಬ್ಬಿತು. ಕೆಲವು ಶಾಲೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಓವರ್‌ಹೆಡ್ ಪ್ರೊಜೆಕ್ಟರಿನ ಚಪ್ಪಟೆ ಮಸೂರವನ್ನು ಗಮನಿಸಿ ನೋಡಿದರೆ ಆ ಬಳೆಗಳು ಕಾಣುತ್ತವೆ.

ದೀಪಸ್ತಂಭಗಳು ಮಿನುಗುವುದೇಕೆ? ದಡದ ಮೇಲೆ ನೂರಾರು ದೀಪಗಳಿರುತ್ತವೆ. ಯಾವುದು ದೀಪಸ್ತಂಭ, ಯಾವುದು ಊರಿನ ದೀಪ ಎಂದು ತಿಳಿಯಬೇಕಲ್ಲ! ಅದಕ್ಕಾಗಿ ಒಂದೊಂದು ದೀಪಸ್ತಂಭಕ್ಕೂ ಅದರದೇ ಮಿನುಗಿನ ಲೆಕ್ಕವಿರುತ್ತದೆ. ನಾವಿಕನ ಬಳಿ ಅವುಗಳ ಪಟ್ಟಿಯಿರುತ್ತದೆ. ಗಡಿಯಾರ ನೋಡಿ ಎಣಿಸಿದರೆ ತಾನು ಯಾವ ಊರಿನ ಎದುರಿಗಿದ್ದೇನೆಂದು ಅವನಿಗೆ ಗೊತ್ತಾಗುತ್ತದೆ.

ಎತ್ತರದ ಗಣಿತ

ದೀಪ ಎಷ್ಟೇ ಪ್ರಖರವಾಗಿರಲಿ, ಭೂಮಿ ದುಂಡಗಿರುವುದರಿಂದ ಒಂದು ದೂರದ ಆಚೆಗೆ ಅದು ಕಾಣದು. ಆ ದೂರ ತಿಳಿಯಲು ಪೈಥಾಗೊರಸನ ಪ್ರಮೇಯ ಸಾಕು. ದೀಪದಿಂದ ಭೂಮಿಗೆ ಎಳೆದ ಸ್ಪರ್ಶಕ, ಭೂಮಿಯ ತ್ರಿಜ್ಯ, ಇವು ಲಂಬಕೋನ ತ್ರಿಭುಜದ ಎರಡು ಬಾಹುಗಳು. ಲೆಕ್ಕ ಮಾಡಿದರೆ ಸುಲಭ ಸೂತ್ರವೊಂದು ಸಿಗುತ್ತದೆ: ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದೂರ ಕಿಲೋಮೀಟರಿನಲ್ಲಿ ಬರುತ್ತದೆ.

ದೀಪ ಸಮುದ್ರಮಟ್ಟದಿಂದ 64 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. 64ರ ವರ್ಗಮೂಲ 8. ದೂರ ಸುಮಾರು 28.6 ಕಿ.ಮೀ. ಹಡಗಿನಲ್ಲಿ 9 ಮೀಟರ್ ಎತ್ತರದಲ್ಲಿ ನಿಂತವನಿಗೆ ಇನ್ನೂ 10.7 ಕಿ.ಮೀ. ಸೇರುತ್ತದೆ. ಒಟ್ಟು 39 ಕಿ.ಮೀ. ದೂರದಿಂದಲೇ ಅವನು ಎಚ್ಚರಗೊಳ್ಳಬಹುದು. ಗಾಳಿಯಲ್ಲಿ ಬೆಳಕು ಕೊಂಚ ಬಾಗುವುದರಿಂದ ನಿಜವಾದ ದೂರ ತುಸು ಹೆಚ್ಚೇ. ದಡದ ಮರಳಿನಲ್ಲಿ ನಿಂತ ಹುಡುಗನ ಕಣ್ಣಿನ ಎತ್ತರ ಒಂದೂವರೆ ಮೀಟರ್ ಇದ್ದರೆ ಅವನಿಗೆ ಕಾಣುವ ಕಡಲ ಅಂಚು ಸುಮಾರು 4.4 ಕಿ.ಮೀ. ಮಾತ್ರ! ದೀಪಸ್ತಂಭವನ್ನು ಗುಡ್ಡದ ನೆತ್ತಿಯಲ್ಲಿ ಕಟ್ಟುವುದೇಕೆಂದು ಬೇರೆ ಹೇಳಬೇಕಾಗಿಲ್ಲ.

ಹತ್ತಿ ಹೋಯಿತು, ದೀಪ ಉಳಿಯಿತು

ಕಾರವಾರವನ್ನು ಹುಬ್ಬಳ್ಳಿಗೆ ರೈಲಿನಿಂದ ಜೋಡಿಸುವ ಯೋಜನೆ 1870ರ ದಶಕದಲ್ಲಿ ಕೈಬಿಟ್ಟುಹೋಯಿತು. ಅದರ ಬದಲು ಗೋವೆಯ ಮರ್ಮಗೋವಾ ಬಂದರಿನಿಂದ ಹಳಿ ಬಂತು. 1880ರ ದಶಕ ಮುಗಿಯುವ ಹೊತ್ತಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೂಲಕ ರೈಲು ಓಡತೊಡಗಿತು. ಹತ್ತಿಯ ಅಂಡಿಗೆಗಳು ಘಟ್ಟದ ದಾರಿ ಬಿಟ್ಟು ರೈಲು ನಿಲ್ದಾಣದ ಕಡೆ ಹೊರಳಿದವು. ಕುಮಟಾ, ಕಾರವಾರಗಳ ವ್ಯಾಪಾರ ಇಳಿಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಚರ್ಚೆ ಇಂದಿಗೂ ಮುಗಿದಿಲ್ಲ.

ಹತ್ತಿಗಾಗಿ ಬಂದರು ಬಯಸಿದವರು ಹೋದರು. ದೀಪ ಮಾತ್ರ ಮೀನುಗಾರರಿಗಾಗಿ, ಬಂದುಹೋಗುವ ಹಡಗುಗಳಿಗಾಗಿ ಉಳಿಯಿತು. ಉಪಗ್ರಹಗಳು ದಾರಿ ತೋರಿಸುವ ಈ ಕಾಲದಲ್ಲೂ ಯಂತ್ರ ಕೈಕೊಟ್ಟ ರಾತ್ರಿ ಕಣ್ಣಿಗೆ ಕಾಣುವ ದೀಪವೇ ಗತಿ.

ನೋಡಲು ಹೋಗುವವರಿಗೆ

ದೇವಗಡಕ್ಕೆ ಹೋಗಲು ದೋಣಿಯೇ ಬೇಕು. ಮಳೆಗಾಲದ ಮಾತೇ ಬೇಡ. ಉಳಿದ ದಿನಗಳಲ್ಲೂ ಅನುಮತಿ ಮತ್ತು ಕಡಲಿನ ಸ್ಥಿತಿ ವಿಚಾರಿಸಿಕೊಂಡೇ ಹೊರಡಬೇಕು. 2019ರ ಜನವರಿ 21ರಂದು ಇದೇ ಕಾರವಾರದ ಕಡಲಿನಲ್ಲಿ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಜೀವ ಕಳೆದುಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ಕೆರೆ, ಹೊಳೆ ಕಂಡ ನಮ್ಮ ಜನಕ್ಕೆ ಕಡಲಿನ ಗುಣ ಗೊತ್ತಿಲ್ಲ. ದೋಣಿಯಲ್ಲಿ ಜನ ಹೆಚ್ಚಾದರೆ ಹತ್ತಬಾರದು. ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದಿದ್ದರೆ ಕಾಲಿಡಲೇಬಾರದು. ಪಾಲಕರು, ಶಿಕ್ಷಕರು ಈ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಒಳಗಾಗುವುದು ಸಲ್ಲ.

ದೀಪಸ್ತಂಭ ಹತ್ತಿ ನೋಡಬೇಕೆನ್ನುವ ಮಕ್ಕಳಿಗೆ ಉಡುಪಿಯ ಬಳಿ ಕಾಪು ಇದೆ. 1901ರಲ್ಲಿ ದಡದ ಬಂಡೆಯ ಮೇಲೆ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಆ ಗೋಪುರವನ್ನು ನಿಗದಿತ ವೇಳೆಯಲ್ಲಿ ಹತ್ತಬಹುದು. ಅಲ್ಲಿಗೆ ದೋಣಿ ಬೇಕಿಲ್ಲ.

ಕಾರವಾರಕ್ಕೆ ಹೋದವರು ಒಂದು ಕೆಲಸ ಮಾಡಬಹುದು. ಕತ್ತಲಾದ ಮೇಲೆ ಹತ್ತು ನಿಮಿಷ ದಡದಲ್ಲೇ ನಿಂತು, ಕೈಗಡಿಯಾರ ಹಿಡಿದು ದೇವಗಡದ ಬೆಳಕನ್ನು ಗಮನಿಸಬೇಕು. ಎಷ್ಟು ಸೆಕೆಂಡಿಗೊಮ್ಮೆ ಕಂಡಿತೆಂದು ವಹಿಯಲ್ಲಿ ಬರೆದುಕೊಳ್ಳಬೇಕು. ಬಸ್ಸು ಮರಳಿ ಘಟ್ಟ ಹತ್ತಿ, ಬೆಳಗಾಗುವಾಗ ಹಾವೇರಿಯ ಬಯಲಿಗೆ ಬಂದಾಗ ಕಿಟಕಿಯ ಆಚೆ ಎರೆಹೊಲಗಳಲ್ಲಿ ಹತ್ತಿ ಬಿರಿದಿರುತ್ತದೆ. ರಾತ್ರಿ ಕಂಡ ದೀಪ ಪರಊರಿನದಲ್ಲ ಎಂದು ಆಗ ತಾನಾಗಿಯೇ ತಿಳಿಯುತ್ತದೆ.